ಗ್ರಾಫಿಕ್ಸ್ ಕಾರ್ಡ್‌ ದೂರುವ ಮುನ್ನ

ಮಾನ್ಯ ಸಂಪಾದಕರೇ,

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿಟ್ಟ ಗೇಮ್ ತಡವರಿಸಿದರೆ ಮೊದಲು ಅದನ್ನು ಸಿಕ್ಕಿಸಿದ ಯುಎಸ್‌ಬಿ ಪೋರ್ಟ್ ನೋಡಿ. ಯುಎಸ್‌ಬಿ 2.0ರಲ್ಲಿ ಸೆಕೆಂಡಿಗೆ 40 ಎಂಬಿ ದಾಟುವುದೇ ಕಷ್ಟ, 3.0ರಲ್ಲಿ ಅದೇ ಡಿಸ್ಕ್ ಸಾಮಾನ್ಯವಾಗಿ 100 ದಾಟುತ್ತದೆ, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ 400 ಮುಟ್ಟುತ್ತದೆ. ಆದರೆ ತಿರುಗುವ ಡಿಸ್ಕ್‌ನ ನಿಜವಾದ ತೊಂದರೆ ಈ ಅಂಕಿಗಳಲ್ಲಿಲ್ಲ. ಚದುರಿದ ಸಣ್ಣ ಸಣ್ಣ ತುಣುಕುಗಳನ್ನು ಓದಲು ಅದರ ಓದುವ ಮುಳ್ಳು (ಹೆಡ್) ಅತ್ತಿತ್ತ ಓಡಾಡಬೇಕು. ವಿಶಾಲ ಲೋಕದಲ್ಲಿ ಮನಬಂದಂತೆ ಅಲೆಯುವ ಓಪನ್ ವರ್ಲ್ಡ್ ಗೇಮ್‌ಗಳು ಆಟದ ನಡುವೆಯೇ ಡೇಟಾ ಎಳೆಯುವುದರಿಂದ ಅಲ್ಲೇ ಮುಗ್ಗರಿಸುತ್ತವೆ. ಹಳೆಯ ಗೇಮ್‌ಗಳಿಗೆ ಈ ಡಿಸ್ಕೇ ಧಾರಾಳ.

ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಫೈಲ್ ಜೋಡಿಸಿಡುವ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಇರಲಿ (ಫಾರ್ಮ್ಯಾಟ್ ಮಾಡಿದರೆ ಇದ್ದದ್ದೆಲ್ಲ ಅಳಿಯುತ್ತದೆ, ಜೋಕೆ!), ಎಫ್‌ಎಟಿ32 ಎಂಬ ಹಳೆಯ ಫಾರ್ಮ್ಯಾಟ್‌ನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಡ್ರೈವ್‌ಗೆ (E:, F: ತರಹದ) ಖಾಯಂ ಅಕ್ಷರ ಕೊಡಿ. ಅದು ಬದಲಾದರೆ ಗೇಮ್ ತೆರೆಯುವ ಲಾಂಚರ್ ಆ್ಯಪ್‌ಗೆ ಫೋಲ್ಡರೇ ಸಿಗದು. ಆಡುವಾಗ ಕೇಬಲ್ ಅಲುಗಾಡಿಸಬೇಡಿ, ಸೇವ್ ಫೈಲ್ ಕೆಟ್ಟೀತು.

– ಒಬ್ಬ ಓದುಗ