ಗೆಳೆಯನಿಗೊಂದು ಪತ್ರ: ಅಪ್ಪನ ತೊಡೆಯ ಮೇಲಿನ ಆ ಹಕ್ಕಳೆ

ಪ್ರೀತಿಯ ಗೆಳೆಯಾ,

ಅಪ್ಪನ ಚರ್ಮದ ಚೂರು ತೆಗೆದು ಮಾಡಿದ ಬಯಾಪ್ಸಿ ಪರೀಕ್ಷೆಯ ರಿಪೋರ್ಟು ಓದಿದೆ. ಅದರಲ್ಲಿರುವ ಮೈಕೋಸಿಸ್ ಫಂಗಾಯ್ಡಿಸ್ ಎಂದರೆ ಚರ್ಮದಲ್ಲಿ ನೆಲೆಯೂರುವ ಟಿ-ಕಣಗಳ ಲಿಂಫೋಮಾ, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳ ಕ್ಯಾನ್ಸರ್. ಪ್ಯಾರಿಸ್ಸಿನ ವೈದ್ಯ ಆಲಿಬೇರ್ 1806ರಲ್ಲೇ ಇದನ್ನು ಗುರುತಿಸಿದ್ದ. ಹೆಚ್ಚಿನವರಲ್ಲಿ ಬಹಳ ನಿಧಾನವಾಗಿ ಬೆಳೆಯುವ ಕಾಯಿಲೆ. ಸೊಂಟ, ತೊಡೆಗಳ ಮೇಲೆ ಒಣ ಮಚ್ಚೆಯಾಗಿ ಶುರುವಾಗುವುದರಿಂದ ಇಸುಬು, ಗಜಕರ್ಣ ಅಂದುಕೊಂಡು ವರ್ಷಗಟ್ಟಲೆ ಮುಲಾಮು ಹಚ್ಚುವವರೇ ಜಾಸ್ತಿ. ತಡವಾಯಿತೆಂದು ನಿನ್ನನ್ನು ನೀನು ಬೈದುಕೊಳ್ಳಬೇಡ ಕಣೋ. ಎಷ್ಟೋ ಸಲ ಮೊದಲ ಬಯಾಪ್ಸಿಯಲ್ಲೂ ಇದು ಸಿಕ್ಕುವುದಿಲ್ಲ.

ಸೋಂಕಿನಿಂದ ಕ್ಯಾನ್ಸರ್ ಬರುತ್ತದಾ, ಹಾಗಿದ್ದರೆ ಆಂಟಿಬಯೋಟಿಕ್ ಕೊಟ್ಟರೆ ಹೋಗುತ್ತದಾ ಅಂತ ಕೇಳಿದ್ದೀಯ. ಜಠರದ ಒಂದು ಬಗೆಯ ಲಿಂಫೋಮಾದಲ್ಲಿ ಹೌದು. ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾವನ್ನು ಔಷಧಿ ಕೊಟ್ಟು ತೆಗೆದರೆ ಹೆಚ್ಚಿನವರಲ್ಲಿ ಗಡ್ಡೆಯೂ ಕರಗುತ್ತದೆ. 1993ರಲ್ಲಿ ಆರು ರೋಗಿಗಳ ಪೈಕಿ ಐವರಲ್ಲಿ ಹಾಗಾದದ್ದು ವೈದ್ಯಲೋಕವನ್ನೇ ಬೆರಗುಗೊಳಿಸಿತ್ತು. ಯುರೋಪಿನ ಕೆಲವೆಡೆ, ಉಣುಗು ಕಚ್ಚಿ ಹರಡುವ ಬೊರೇಲಿಯಾ ಬ್ಯಾಕ್ಟೀರಿಯಾ ಚರ್ಮದ ಬಿ-ಕಣಗಳ (ಇನ್ನೊಂದು ಬಗೆಯ ಬಿಳಿ ರಕ್ತಕಣಗಳ) ಲಿಂಫೋಮಾದಲ್ಲಿ ಸಿಕ್ಕಿದೆ. ಉಣುಗು ಅಂದಕೂಡಲೇ ಗಾಬರಿಯಾಗಬೇಡ. ನಮ್ಮ ಮಲೆನಾಡಿನ ಉಣುಗು ತರುವ ಮಂಗನ ಕಾಯಿಲೆ ವೈರಸ್ಸಿನದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಅಪ್ಪನ ಕಾಯಿಲೆಯಲ್ಲಿ ನಾವು ನೋಡಬೇಕಾದದ್ದು ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾವನ್ನು. ಆರೋಗ್ಯವಂತರಲ್ಲೂ ಬಹಳಷ್ಟು ಜನರ ಮೂಗಿನಲ್ಲಿ ಇದು ಸುಮ್ಮನೆ ಇರುತ್ತದೆ. ಲಿಂಫೋಮಾ ಕಣಗಳು ಚರ್ಮದ ರಕ್ಷಣೆಯನ್ನು ಹಾಳು ಮಾಡಿದಾಗ ಬಿರುಕುಗಳಲ್ಲಿ ಬೀಡುಬಿಡುತ್ತದೆ. ಅದು ಸುರಿಸುವ ಕೆಲವು ವಿಷಗಳು ಒಂದೆರಡು ಟಿ-ಕಣಗಳನ್ನಲ್ಲ, ಹಿಂಡುಹಿಂಡನ್ನೇ ಒಟ್ಟಿಗೆ ಕೆರಳಿಸುತ್ತವೆ. ಕೆರಳಿದ ಒಳ್ಳೆಯ ಕಣಗಳು ಹೊರಸೂಸುವ ರಾಸಾಯನಿಕಗಳೇ ಕ್ಯಾನ್ಸರ್ ಕಣಗಳಿಗೆ ಉರಿಯುವ ಒಲೆಗೆ ಸೌದೆ ಒಡ್ಡಿದಂತಾಗುತ್ತವೆ. ಕಾಯಿಲೆ ಹೆಚ್ಚಾದಷ್ಟೂ ಚರ್ಮ ಒಡೆಯುತ್ತದೆ, ಚರ್ಮ ಒಡೆದಷ್ಟೂ ಬ್ಯಾಕ್ಟೀರಿಯಾ ಹೆಚ್ಚುತ್ತದೆ. ಕಾಯಿಲೆಯನ್ನು ಮೊದಲು ಹುಟ್ಟಿಸುವುದೇ ಇದು ಎಂಬುದು ಮಾತ್ರ ಸಾಬೀತಾಗಿಲ್ಲ.

2019ರಲ್ಲಿ ಡೆನ್ಮಾರ್ಕಿನ ತಂಡವೊಂದು 'ಬ್ಲಡ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಂಥದೇ ಚರ್ಮದ ಟಿ-ಕಣಗಳ ಲಿಂಫೋಮಾ ಇದ್ದ ಎಂಟು ರೋಗಿಗಳ ಬಗ್ಗೆ ಬರೆಯಿತು. ಎಲ್ಲರದೂ ಮುಂದುವರಿದ ಹಂತ. ಸ್ವಲ್ಪ ಕಾಲ ಜೋರಾಗಿ ಆಂಟಿಬಯೋಟಿಕ್ ಕೊಟ್ಟಾಗ ಸೋಂಕಿನ ಜೊತೆಗೆ ಲಿಂಫೋಮಾದ ಆರ್ಭಟವೂ ತಗ್ಗಿತು. ಅದನ್ನು ಓದಿ ನನಗೆ ನಿಜಕ್ಕೂ ಸಂತೋಷವಾಗಿತ್ತು. ಆದರೂ ಅದು ಎಂಟೇ ಜನರ ಮಾತು, ಲಿಂಫೋಮಾದ ಮೂಲ ಚಿಕಿತ್ಸೆಯನ್ನು ಬಿಟ್ಟುಬಿಡಿ ಎಂದು ಅದು ಹೇಳುವುದಿಲ್ಲ.

ಈಗ ನೀನು ಕಳಿಸಿದ ಫೋಟೊ. ಎಡತೊಡೆಯ ಮಚ್ಚೆಯ ಅಂಚಿನಲ್ಲಿ ಜೇನಿನ ಬಣ್ಣದ ಹಕ್ಕಳೆ ಕಟ್ಟಿದೆ, ಪಕ್ಕದ ಬಿರುಕು ಒದ್ದೆಯಾಗಿದೆ. ಪಂಚೆ ಅಂಟಿಕೊಂಡು, ಬಿಡಿಸುವಾಗ ರಕ್ತ ಬರುತ್ತದೆ ಅಂತಲೂ ಬರೆದಿದ್ದೀಯ. ಇದನ್ನು ಕಾಯಿಲೆಯ ಒಂದು ಭಾಗ ಅಂತ ಬಿಟ್ಟುಬಿಡಬಾರದು. ಈ ಲಿಂಫೋಮಾ ಮುಂದುವರಿದವರಲ್ಲಿ ಎಷ್ಟೋ ಸಲ ಪ್ರಾಣಕ್ಕೆ ಕುತ್ತು ತರುವುದು ಸೋಂಕೇ. ಮೆಡಿಕಲ್ ಶಾಪಿನವರು ಕೊಟ್ಟ ಆ ಮೂರು-ನಾಲ್ಕು ಔಷಧಿ ಬೆರೆಸಿದ ಕ್ರೀಮನ್ನು ಇನ್ನು ಹಚ್ಚಬೇಡ. ಅದರಲ್ಲಿರುವ ಸ್ಟೀರಾಯ್ಡ್ ಮೇಲಿನ ಕೆಂಪನ್ನು ಮುಚ್ಚಿ, ಒಳಗೆ ಸೋಂಕು ಬೆಳೆಯಲು ಬಿಡುತ್ತದೆ. ಮನೆಯಲ್ಲಿ ಉಳಿದ ಮಾತ್ರೆಯನ್ನೂ ಕೊಡಬೇಡ. ಅರ್ಧಂಬರ್ಧ ಕೋರ್ಸು ಮಾಡಿದರೆ ಔಷಧಿಗೆ ಬಗ್ಗದ ತಳಿಗಳು ಉಳಿದುಬಿಡುತ್ತವೆ.

ಸೋಮವಾರದ ತನಕ ಕಾಯದೆ ನಾಳೆಯೇ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಆಂಟಿಬಯೋಟಿಕ್ ಶುರುಮಾಡುವ ಮೊದಲು ಆ ಬಿರುಕಿನಿಂದ ಸ್ವ್ಯಾಬ್ (ಹತ್ತಿಯ ಕಡ್ಡಿಯಲ್ಲಿ ಒರೆಸಿದ ಮಾದರಿ) ತೆಗೆದು, ಯಾವ ಬ್ಯಾಕ್ಟೀರಿಯಾ ಇದೆ ಎಂದು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಕಳಿಸಲು ಕೇಳು. ರಾತ್ರಿ ಚಳಿಜ್ವರ ಬಂದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಸೇರಿಸು. ಲ್ಯಾಬಿನಿಂದ ಬಯಾಪ್ಸಿಯ ಸ್ಲೈಡು, ಆ ಚರ್ಮದ ಚೂರನ್ನು ಕೂಡಿಸಿಟ್ಟ ಮೇಣದ ಬ್ಲಾಕು ಎರಡನ್ನೂ ಇಸಿದುಕೊಂಡು ನನಗೆ ಫೋನ್ ಮಾಡು, ಇಲ್ಲಿನ ಪೆಥಾಲಜಿಯವರಿಗೆ ನಾನೇ ತೋರಿಸುತ್ತೇನೆ.

ನಿನ್ನ,
ಚರ್ಮದ ಡಾಕ್ಟರ್ ಗೆಳೆಯ