ಒಂಬತ್ತನೇ ತರಗತಿ ಮಕ್ಕಳ ಪೋಷಕರಿಗೆ: ಎಐ ಬರೆದುಕೊಟ್ಟ ಹೋಂವರ್ಕ್ ಬಗ್ಗೆ

ಆತ್ಮೀಯ ಪೋಷಕರೇ, ನಮಸ್ಕಾರ.

ಒನಕೆ ಓಬವ್ವನ ಬಗ್ಗೆ ಒಂದು ಪುಟ ಬರೆದು ತನ್ನಿ ಎಂದು ಮಕ್ಕಳಿಗೆ ಹೇಳಿದ್ದೆವು. ಹಲವರ ನೋಟ್‌ಬುಕ್‌ನಲ್ಲಿ ಒಂದೇ ಥರದ ವಾಕ್ಯಗಳಿದ್ದವು. ಎಐ (ಕೃತಕ ಬುದ್ಧಿಮತ್ತೆ) ಆ್ಯಪ್ ಕೊಟ್ಟಿದ್ದನ್ನು ಇದ್ದ ಹಾಗೇ ಇಳಿಸಿದ್ದರು. ಅದಕ್ಕಿಂತ ಜಾಸ್ತಿ ನನ್ನನ್ನು ಕಾಡಿದ್ದು ಇನ್ನೊಂದು. ಓಬವ್ವ ಕುದುರೆ ಏರಿ, ಕತ್ತಿ ಹಿಡಿದು ಹೋರಾಡಿದಳು ಎಂದು ಅದರಲ್ಲಿತ್ತು. ಗಂಡ ಊಟಕ್ಕೆ ಕೂತಿದ್ದಾಗ ನೀರಿಗೆ ಹೋದವಳು, ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಬಡಿದ ಕಥೆ ಚಿತ್ರದುರ್ಗದ ಯಾವ ಮಗುವಿಗೆ ಗೊತ್ತಿಲ್ಲ ಹೇಳಿ? ಕೋಟೆಯಲ್ಲಿ ಆ ಕಿಂಡಿಯನ್ನು ಕಣ್ಣಾರೆ ಕಂಡ ಮಕ್ಕಳೇ ಕತ್ತಿ ಎಂದು ಬರೆದರು. ತನಗೆ ಗೊತ್ತಿರುವುದಕ್ಕಿಂತ ಮೊಬೈಲ್ ಹೇಳಿದ್ದೇ ನಿಜ ಅಂದುಕೊಂಡಿತಲ್ಲ ಮಗು, ಅದಕ್ಕೇ ನನಗೆ ಭಯವಾಯಿತು.

ಇಂಥ ಆ್ಯಪ್ ಕಥೆಯನ್ನು ತಿಳಿದುಕೊಂಡು ಹೇಳುವುದಿಲ್ಲ. ರಾಶಿ ರಾಶಿ ಬರಹಗಳಿಂದ ಕಲಿತು, ಒಂದು ಪದದ ಮುಂದೆ ಯಾವ ಪದ ಬರಬಹುದು ಎಂದು ಲೆಕ್ಕ ಹಾಕಿ ವಾಕ್ಯ ಕಟ್ಟುತ್ತದೆ. ವೀರರ ಕಥೆಗಳಲ್ಲಿ ಕತ್ತಿ, ಕುದುರೆ ಜಾಸ್ತಿ ಅಲ್ವಾ, ಇಲ್ಲೂ ಹಾಗೇ ಬಂದಿರಬಹುದು. ತಪ್ಪನ್ನೂ ಅದು ಅಷ್ಟೇ ಗಟ್ಟಿಯಾಗಿ ಹೇಳುತ್ತದೆ. ಆದರೆ ನೋಟ್‌ಬುಕ್ ಮೇಲೆ ಇರುವುದು ಮಗುವಿನ ಹೆಸರು. ಬರೆದದ್ದಕ್ಕೆ ಹೊಣೆ ಹೊರಬೇಕಾದದ್ದೂ ಮಗುವೇ.

ಮೊಬೈಲ್ ಕಿತ್ತಿಡಿ ಎಂದು ನಾನು ಹೇಳುತ್ತಿಲ್ಲ. ಲೆಕ್ಕ ಅರ್ಥವಾಗದಿದ್ದರೆ ಬಿಡಿಸಿ ಹೇಳು ಎಂದು ಕೇಳಲಿ. ಮನೆಯಲ್ಲಿ ಹೇಳಿಕೊಡುವವರು ಇಲ್ಲದ ಮಕ್ಕಳಿಗೆ ಅದು ದೊಡ್ಡ ಆಸರೆ. ಎಐ ಸಹಾಯ ಪಡೆದಿದ್ದರೆ ಬರಹದ ಕೆಳಗೆ ಹಾಗೆಂದು ಬರೆಯಲಿ, ಅದಕ್ಕಾಗಿ ನಾವು ಅಂಕ ಕಳೆಯುವುದಿಲ್ಲ. ಓಬವ್ವನ ಪುಟವನ್ನು ಮಕ್ಕಳು ಮತ್ತೆ ಬರೆಯುತ್ತಾರೆ. ಈ ಸಲ ಮನೆಯ ಹಿರಿಯರನ್ನು ಕೇಳಿ ಬರೆಯಬೇಕು. ದಯವಿಟ್ಟು ಅರ್ಧ ಗಂಟೆ ಮಕ್ಕಳ ಜೊತೆ ಕೂತುಕೊಳ್ಳಿ.

ಇನ್ನೊಂದು ಮಾತು. ಮಗುವಿನ ಫೋಟೊ, ಆಧಾರ್, ಮನೆ ವಿಳಾಸವನ್ನು ಇಂಥ ಆ್ಯಪ್‌ಗಳಿಗೆ ಕೊಡಬೇಡಿ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎಂದು ಅದು ಹೇಳುತ್ತದೆ. ಹಾಗಾಗಿ ಒಪ್ಪಿಗೆ ಕೇಳಿದಾಗ ಸುಮ್ನೆ ಓಕೆ ಒತ್ತಬೇಡಿ, ಓದಿ.

ಶನಿವಾರ ಮಧ್ಯಾಹ್ನ 12 ಗಂಟೆಗೆ ಪೋಷಕರ ಸಭೆ ಇದೆ. ಮಗು ಯಾವ ಆ್ಯಪ್ ಬಳಸುತ್ತದೆ ಎಂದು ನೋಡಿಕೊಂಡು ಬನ್ನಿ. ಕೆಲಸ ಬಿಟ್ಟು ಬರಲಾಗದವರು ಸಂಜೆ ಬನ್ನಿ, 6 ಗಂಟೆಯವರೆಗೆ ನಾನು ಶಾಲೆಯಲ್ಲೇ ಇರುತ್ತೇನೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ
ಚಿತ್ರದುರ್ಗ