ಅಂಕ ಹೇಗೆ ಬೀಳುತ್ತದೆ, ಮಕ್ಕಳಿಗೂ ತಿಳಿಯಲಿ

ಮಾನ್ಯರೇ,

ಎಸ್ಸೆಸ್ಸೆಲ್ಸಿ ಗಣಿತದ 80 ಅಂಕಗಳ ಲಿಖಿತ ಪರೀಕ್ಷೆಯಲ್ಲಿ ಸೂತ್ರಕ್ಕೆ ಅರ್ಧ ಅಂಕ, ಬೆಲೆ ಹಾಕಿದ್ದಕ್ಕೆ ಅರ್ಧ ಅಂಕ ಎಂದು ಹಂತ ಹಂತವಾಗಿ ಅಂಕ ಬೀಳುತ್ತವೆ. ಇದು ಗೊತ್ತಿಲ್ಲದ ಮಕ್ಕಳು ಉತ್ತರ ಬರಲಿಲ್ಲವೆಂದು ಇಡೀ ಲೆಕ್ಕವನ್ನೇ ಹೊಡೆದು ಹಾಕುತ್ತಾರೆ. ಎಷ್ಟು ನಷ್ಟ ಅಲ್ವಾ!

ಪರೀಕ್ಷಾ ಮಂಡಳಿ ಮಾದರಿ ಉತ್ತರಗಳನ್ನು ಜಾಲತಾಣದಲ್ಲಿ ಹಾಕುತ್ತದೆ. ಬಾಗಲಕೋಟೆ ಜಿಲ್ಲೆಯ ಹೈಸ್ಕೂಲುಗಳಲ್ಲಿ ಅದನ್ನು ತರಗತಿಯಲ್ಲೇ ಬಿಡಿಸಿ ಹೇಳಲಿ. ಕಿರುಪರೀಕ್ಷೆ ಆದಮೇಲೆ ಸುಮ್ನೆ ಪೇಪರ್ ಕೊಟ್ಟು ಪಾಲಕರ ಸಹಿ ತರಿಸಿದರೆ ಸಾಲದು. ಶಿಕ್ಷಕರು ಅಂಕ ಹಾಕುವ ಮೊದಲು ಮಕ್ಕಳೇ ಪೆನ್ಸಿಲಿನಿಂದ ತಮ್ಮ ಪೇಪರಿಗೆ ಅಂಕ ಹಾಕಿ ನೋಡಲಿ. ಎಲ್ಲಿ ವ್ಯತ್ಯಾಸ ಬಂತು, ಯಾಕೆ ಬಂತು ಎಂದು ಆಮೇಲೆ ಇಬ್ಬರೂ ಕೂತು ಮಾತಾಡಲಿ. ಟ್ಯೂಷನ್ ಇಲ್ಲದ ಹಳ್ಳಿ ಮಕ್ಕಳಿಗೆ ಇದು ಜಾಸ್ತಿ ಬೇಕು. ಶಿಕ್ಷಣ ಇಲಾಖೆ ಈ ವರ್ಷವೇ ಶುರು ಮಾಡಿಸಲಿ.

– ಒಬ್ಬ ಪಾಲಕರು, ಬಾಗಲಕೋಟೆ